ಹರಿಗೋಲಿಗೆ ಎಂಥ ಅಂಟು?

ಮೈಸೂರಿನ ಒಂಟಿಕೊಪ್ಪಲಿನಲ್ಲಿ ಹೊಳೆಯಿಲ್ಲ. ಹೊಳೆಯಿಲ್ಲದ ಕಡೆ ದೋಣಿಯ ಮಾತು ಹೇಗೆ ಹುಟ್ಟಿತೆಂದು ವಾಚಕರು ಕೇಳಬಹುದು. ಆದರೆ ಕೃಷ್ಣರಾಜಸಾಗರಕ್ಕೆ ಹೋಗುವ ರಸ್ತೆ ಈ ಬಡಾವಣೆಯ ಮಗ್ಗುಲಲ್ಲಿಯೇ ಹಾದುಹೋಗುತ್ತದೆ. ಶ್ರೀರಂಗಪಟ್ಟಣವೂ ಇಲ್ಲಿಗೆ ಬಹು ದೂರವಲ್ಲ. ಕಾವೇರಿಯ ದಡದ ಊರುಗಳಲ್ಲಿ ನೆಂಟರಿರುವ ಮನೆಗಳು ನಮ್ಮ ಬೀದಿಯಲ್ಲಿ ಹಲವುಂಟು. ಅಂಥ ಒಂದು ಮನೆಯ ಮೂಲಕ ಹರಿಗೋಲಿನ ಪ್ರಶ್ನೆಯೊಂದು ನಮ್ಮ ಜಗಲಿಯವರೆಗೂ ಬಂದಿತು. ಅದಕ್ಕೆ ನಾವು ಕೊಟ್ಟ ಉತ್ತರ ತಪ್ಪಾಗಿತ್ತು. ಆ ತಪ್ಪನ್ನು ವಿದ್ಯಾರ್ಥಿಗಳ ಮುಂದೆ ಒಪ್ಪಿಕೊಳ್ಳುವುದೂ, ಅದರಿಂದ ಕಲಿತುದನ್ನು ತಿಳಿಸುವುದೂ ಈ ಬರಹದ ಉದ್ದೇಶ.

ನೆರೆಮನೆಯ ಹುಡುಗನೊಬ್ಬ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದಾನೆ. ಅವನ ಸೋದರಮಾವನಿಗೆ ಹೊಳೆಯ ದಡದಲ್ಲಿ ಒಂದು ಹರಿಗೋಲು ಉಂಟು. ಬಿದಿರ ದಬ್ಬೆಗಳನ್ನು ಹೆಣೆದು, ಹೊರಮೈಗೆ ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಹೊಲಿದು, ಮೇಲೆ ಟಾರು ಬಳಿದ ದೋಣಿ ಅದು. ಅದರ ತಳದಲ್ಲಿ ಎರಡು ಬೆರಳಿನುದ್ದದ ಸೀಳು ಬಿದ್ದಿತ್ತು. “ಯಾವ ಅಂಟು ಎಲ್ಲಕ್ಕಿಂತ ಗಟ್ಟಿ, ಸಾರ್?” ಎಂದು ಹುಡುಗ ಕೇಳಿದ. ಎರಡು ಕೊಳವೆಗಳಲ್ಲಿ ಬಂದು ಬೆರೆಸಿದೊಡನೆ ಗಟ್ಟಿಯಾಗತೊಡಗುವ ಎಪಾಕ್ಸಿ ಅಂಟನ್ನು ನಾವು ಹಿಂದುಮುಂದು ನೋಡದೆ ಸೂಚಿಸಿದೆವು. ಪರೀಕ್ಷೆಯನ್ನೂ ಮಾಡಿದೆವು. ತೇಗದ ಎರಡು ಚೂರುಗಳನ್ನು ಅಂಟಿಸಿ, ಒಣಗಿಸಿ, ಒಂದು ರಾತ್ರಿ ಬಕೆಟ್ಟಿನ ನೀರಿನಲ್ಲಿ ಇಟ್ಟು ಮರುದಿನ ಜಗ್ಗಿದರೆ ಅವು ಬೇರೆಯಾಗಲೇ ಇಲ್ಲ. ನಮಗೆ ಅಷ್ಟು ಸಾಕೆನಿಸಿತು.

ಆ ಭಾನುವಾರ ಹುಡುಗ ಸೀಳಿಗೆ ತೇಪೆ ಹಾಕಿದ. ಮುಂದಿನ ಭಾನುವಾರ ಅವನೂ, ಅವನ ತಂಗಿಯೂ, ಮಾವನೂ, ಇನ್ನಿಬ್ಬರೂ ಹರಿಗೋಲಿನಲ್ಲಿ ಕುಳಿತು ಹೊರಟರು. ದಡ ಬಿಟ್ಟು ಇಪ್ಪತ್ತು ಮಾರು ಹೋಗುವಷ್ಟರಲ್ಲಿ ತೇಪೆ ಕಳಚಿಕೊಂಡಿತು. ಪಾದ ಮುಳುಗುವಷ್ಟು ನೀರು ಒಳಗೆ ಬಂದಿತು. ಮಾವ ನುರಿತ ಅಂಬಿಗನಾದುದರಿಂದ ಗಾಬರಿಗೊಳ್ಳದೆ ದೋಣಿಯನ್ನು ದಡಕ್ಕೆ ತಿರುಗಿಸಿದ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಹೆಣ್ಣುಮಗುವಿಗೆ ಈಜು ಬಾರದು; ತೇಲುವ ಜಾಕೆಟ್ಟೂ ಅವಳ ಮೈಮೇಲೆ ಇರಲಿಲ್ಲ. ಇದನ್ನು ಕೇಳಿದಾಗ ನಮ್ಮ ಸಲಹೆಯ ಭಾರ ಎಷ್ಟೆಂಬುದು ನಮಗೆ ತಿಳಿಯಿತು. ಮಾವನೇ ಆ ತೇಪೆಯನ್ನು ನಮಗೆ ತೋರಿಸಿ ಹೇಳಿದ: “ಅಂಟು ಗಟ್ಟಿನೇ ಸ್ವಾಮಿ. ಆದ್ರೆ ಹರಿಗೋಲು ಬಾಗ್ತದೆ, ಇದು ಬಾಗಾಕಿಲ್ಲ.”

ಈ ಒಂದು ಮಾತಿನಲ್ಲಿ ಅಂಟುಗಳ ವಿಜ್ಞಾನದ ಅರ್ಧಭಾಗ ಅಡಗಿದೆ. ‘ಎಲ್ಲಕ್ಕಿಂತ ಗಟ್ಟಿ ಅಂಟು ಯಾವುದು?’ ಎಂಬ ಪ್ರಶ್ನೆಯೇ ತಪ್ಪು. ಯಾವ ಮೈಗೆ ಅಂಟಬೇಕು? ಆ ಮೈ ಎಷ್ಟು ಬಾಗುತ್ತದೆ, ಎಷ್ಟು ಹಿಗ್ಗಿ ಕುಗ್ಗುತ್ತದೆ? ನೀರಿನ ಸಂಪರ್ಕ ಎಷ್ಟು ಹೊತ್ತಿನದು? ಈ ಮೂರನ್ನು ಕೇಳಿದ ಬಳಿಕವೇ ಅಂಗಡಿಗೆ ಹೋಗಬೇಕೆಂಬುದು ನಮ್ಮ ಅಭಿಪ್ರಾಯ. ಇವುಗಳಿಗೆ ಉತ್ತರ ಸಿಗದೆ ಕೊಂಡ ಅಂಟು, ಎಷ್ಟೇ ಬೆಲೆಯದಾದರೂ, ದೋಣಿಯ ಪಾಲಿಗೆ ಅಪಾಯವೇ ಸರಿ.

ಮೊದಲನೆಯ ಪ್ರಶ್ನೆಯನ್ನು ವಿಚಾರಿಸೋಣ. ಕೆಸುವಿನ ಎಲೆಯ ಮೇಲೆ ನೀರು ಬಿದ್ದರೆ ಹನಿಯಾಗಿ ಉರುಳುವುದನ್ನೂ, ಗಾಜಿನ ಮೇಲೆ ಬಿದ್ದರೆ ಹರಡಿಕೊಳ್ಳುವುದನ್ನೂ ನಾವೆಲ್ಲರೂ ಬಲ್ಲೆವು. ಅಂಟಿನ ಕೆಲಸ ಇಲ್ಲಿಂದಲೇ ಆರಂಭವಾಗುತ್ತದೆ. ದ್ರವವಾಗಿರುವಾಗ ಅದು ಮೇಲ್ಮೈಯನ್ನು ಒದ್ದೆ ಮಾಡಿ, ಕಣ್ಣಿಗೆ ಕಾಣದ ತಗ್ಗುಗಳಿಗೂ ಹರಿದು, ಅಣು ಅಣುವಿಗೆ ತಾಗುವಷ್ಟು ಸಮೀಪ ಬರಬೇಕು. ಆ ಮೇಲೆ ಗಟ್ಟಿಯಾಗಬೇಕು. ಮರ, ಗಾಜು, ಲೋಹಗಳ ಮೇಲೆ ಎಪಾಕ್ಸಿ ಹೀಗೆ ಚೆನ್ನಾಗಿ ಹರಡುತ್ತದೆ. ಗೊಬ್ಬರದ ಚೀಲಗಳನ್ನು ನೇಯುವ ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳ ನುಣುಪು ಎಳೆಯಾದರೋ ಕೆಸುವಿನ ಎಲೆಯ ಜಾತಿಗೆ ಸೇರಿದುದು. ಅದರ ಮೇಲೆ ಹೆಚ್ಚಿನ ಅಂಟುಗಳು ಕುಳಿತಂತೆ ತೋರುತ್ತವೆಯೇ ಹೊರತು ಹಿಡಿಯುವುದಿಲ್ಲ. ನಮ್ಮ ತೇಪೆ ಗಾಜಿನ ಬಿಲ್ಲೆಯಂತೆ ಇಡಿಯಾಗಿ ಕಳಚಿಬಂದಿತ್ತು. ಅದರ ಬೆನ್ನಿಗೆ ಚೀಲದ ಒಂದು ಎಳೆಯೂ ಅಂಟಿರಲಿಲ್ಲ. ಅಂಟು ಒಡೆದಿರಲಿಲ್ಲ, ಅದು ಹಿಡಿದೇ ಇರಲಿಲ್ಲ.

ಮುರಿದ ಬೆಸುಗೆಯನ್ನು ಹೀಗೆ ಓದುವುದನ್ನು ವಿದ್ಯಾರ್ಥಿಗಳು ಅಭ್ಯಾಸ ಮಾಡಿಕೊಳ್ಳಬೇಕು. ಅಂಟಿನ ಪದರವೇ ಮಧ್ಯದಲ್ಲಿ ಸೀಳಿ ಎರಡು ಕಡೆಯೂ ಉಳಿದಿದ್ದರೆ ಆ ಅಂಟಿನ ಒಡಲು ದುರ್ಬಲವೆಂದು ಅರ್ಥ. ಮರದ ನಾರು ಕಿತ್ತುಬಂದಿದ್ದರೆ ಅಂಟು ಮರಕ್ಕಿಂತ ಬಲವಾದುದೆಂದು ಅರ್ಥ. ಒಂದು ಮೈ ಶುಚಿಯಾಗಿ ಬಿಟ್ಟುಬಂದಿದ್ದರೆ ದೋಷ ಮೇಲ್ಮೈಯದು: ಅದು ಅಂಟಿಗೆ ಒಗ್ಗದ ವಸ್ತುವಾಗಿರಬಹುದು, ಇಲ್ಲವೆ ಅದರ ಮೇಲೆ ಜಿಡ್ಡು, ಧೂಳು, ತೇವ ಇದ್ದಿರಬಹುದು. ಡಬ್ಬಿಯ ಮೇಲಿನ ಹೊಗಳಿಕೆಗಿಂತ ಮುರಿದ ತುಂಡು ಹೆಚ್ಚು ಸತ್ಯವನ್ನು ಹೇಳುತ್ತದೆ.

ಎರಡನೆಯ ಪ್ರಶ್ನೆ ಚಲನೆಯದು. ಮರವೂ ಬಿದಿರೂ ನೀರು ಕುಡಿದರೆ ಹಿಗ್ಗುತ್ತವೆ, ಒಣಗಿದರೆ ಕುಗ್ಗುತ್ತವೆ. ಹಸಿಮರ ಪೂರ್ಣವಾಗಿ ಒಣಗುವಾಗ ನಾರಿನ ಉದ್ದಕ್ಕೆ ಅದು ಕುಗ್ಗುವುದು ನೂರಕ್ಕೆ ಒಂದು ಭಾಗವೂ ಇಲ್ಲ. ನಾರಿಗೆ ಅಡ್ಡಲಾಗಿ ಅನೇಕ ಮರಗಳು ನೂರಕ್ಕೆ 5ರಿಂದ 10 ಭಾಗ ಕುಗ್ಗುವುದುಂಟು. ಬೇಸಗೆಯಲ್ಲಿ ದಡದ ಮೇಲೆ ಮಗುಚಿಟ್ಟ ದೋಣಿಯ ಸಂದುಗಳು ಬಾಯಿಬಿಡುವುದಕ್ಕೂ, ನೀರಿಗಿಳಿಸಿದ ಬಳಿಕ ಅನೇಕ ಸಂದುಗಳು ತಾವೇ ಮುಚ್ಚಿಕೊಳ್ಳುವುದಕ್ಕೂ ಇದೇ ಕಾರಣ. ಹೀಗೆ ಉಸಿರಾಡುವ ಸಂದಿನೊಳಗೆ ಕಲ್ಲಿನಂತೆ ಗಟ್ಟಿಯಾಗುವ ವಸ್ತುವನ್ನು ತುಂಬಿದರೆ ಏನಾಗಬೇಕು? ಒಂದೋ ಅಂಟು ಬಿರಿಯಬೇಕು, ಇಲ್ಲವೆ ಪಕ್ಕದ ಹಲಗೆ ಸೀಳಬೇಕು. ಗಟ್ಟಿಯಾದ ಎಪಾಕ್ಸಿ ಮುರಿಯುವ ಮೊದಲು ಹಿಗ್ಗುವುದು ನೂರಕ್ಕೆ ಕೆಲವೇ ಅಂಶ. ರಬ್ಬರಿನಂತಿರುವ ಪಾಲಿಯುರಿಥೇನ್ ಸಂದುಮುಚ್ಚುಗಗಳು ತಮ್ಮ ಉದ್ದದ ಎರಡು ಮೂರು ಪಟ್ಟು ಹಿಗ್ಗಿಯೂ ಹರಿಯದೆ ಉಳಿಯಬಲ್ಲವು. ಎಳೆದು ಕೀಳುವ ಬಲದಲ್ಲಿ ಅವು ಎಪಾಕ್ಸಿಗಿಂತ ಕಡಿಮೆಯವು. ಆದರೂ ಬಾಗುವ ತಳಕ್ಕೆ ಅವೇ ಮೇಲು.

ಹರಿಗೋಲು ಬಾಗುವುದಕ್ಕಾಗಿಯೇ ಹುಟ್ಟಿದ ದೋಣಿ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿರುವ, ಹೊರಗೆ ತೊಗಲು ಹೊದಿಸಿದ ಇಂಥ ದೋಣಿಗಳಲ್ಲಿ ಜನರು ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಬಂಡೆಗೆ ತಾಗಿದಾಗ ಹಲಗೆಯ ದೋಣಿ ಒಡೆಯುವ ಕಡೆ ಹರಿಗೋಲು ಬಳುಕಿ ಜಾರಿಕೊಳ್ಳುತ್ತದೆ. ಅದಕ್ಕೆ ಹೊದಿಸುವ ತೊಗಲೂ, ಅನಂತರ ಬಂದ ಗೋಣಿ ಮತ್ತು ಟಾರೂ ಅದೇ ಬಳುಕಿಗೆ ಹೊಂದಿಕೊಂಡವು. ಇರಾಕಿನ ‘ಕುಫಾ’ ಎಂಬ ದುಂಡುದೋಣಿಯೂ ನಮ್ಮ ಹರಿಗೋಲಿನ ದೂರದ ಸೋದರನೇ. ಅದಕ್ಕೆ ಅಲ್ಲಿನ ಜನ ನೆಲದಿಂದ ತಾನಾಗಿ ಒಸರುವ ಬಿಟುಮೆನ್ನನ್ನು ಬಳಿಯುತ್ತಿದ್ದರು. ಒಬ್ಬರನ್ನೊಬ್ಬರು ಕಾಣದ ಎರಡು ನಾಡಿನ ಅಂಬಿಗರು ಒಂದೇ ತೀರ್ಮಾನಕ್ಕೆ ಬಂದುದು ಆಕಸ್ಮಿಕವಲ್ಲ.

ಟಾರು ಹೇಗೆ ಕೆಲಸ ಮಾಡುತ್ತದೆ? ಅದು ನೀರನ್ನು ಒಲ್ಲದ ಹೈಡ್ರೊಕಾರ್ಬನ್ನುಗಳ ರಾಶಿ. ಆದುದರಿಂದ ನೀರು ಅದರೊಳಗೆ ಸುಲಭವಾಗಿ ನುಸುಳದು. ಪ್ಲಾಸ್ಟಿಕ್ ಎಳೆಗೂ ಅದು ಬಲವಾಗಿ ಅಂಟದಿರಬಹುದು. ಆದರೆ ಕಾಯಿಸಿ ಬಳಿದಾಗ ನೇಯ್ಗೆಯ ಕಣ್ಣುಗಳೊಳಗೆ ಹರಿದು, ಆರಿದ ಮೇಲೆ ಬೇರುಬಿಟ್ಟಂತೆ ಕಚ್ಚಿಕೊಳ್ಳುತ್ತದೆ. ಬಾಗಿದರೆ ತಾನೂ ನಿಧಾನವಾಗಿ ಹರಿದು ಒತ್ತಡವನ್ನು ಕಳೆದುಕೊಳ್ಳುತ್ತದೆ. ಬಿರುಕು ಬಿಟ್ಟರೆ ಮತ್ತೆ ಬಿಸಿ ಮಾಡಿ ಸರಿಪಡಿಸಬಹುದು. ಹುಡುಗನ ಮಾವ ಮಾಡಿದುದೂ ಇಷ್ಟೇ: ನಮ್ಮ ಅಂಟನ್ನು ಕೆರೆದು ತೆಗೆದು, ಸೀಳಿನ ಮೇಲೆ ಹೊಸ ತುಂಡನ್ನು ಹೊಲಿದು, ಬಿಸಿ ಟಾರು ಬಳಿದು, ಎರಡು ದಿನ ಬಿಟ್ಟ. ಹಿಡಿತ ಹೊಲಿಗೆಯದು, ಮುಚ್ಚುವಿಕೆ ಟಾರಿನದು. ಎರಡು ಕೆಲಸಗಳನ್ನು ಒಂದೇ ವಸ್ತುವಿನ ತಲೆಗೆ ಕಟ್ಟದಿರುವುದು ಅವನ ಜಾಣತನ.

ಮೂರನೆಯ ಪ್ರಶ್ನೆ ನೀರಿನದು. ನಮ್ಮ ಬಡಗಿಗಳು ತಲೆತಲಾಂತರದಿಂದ ಬಳಸಿದ ಮರವಜ್ರವನ್ನು ಪ್ರಾಣಿಗಳ ಚರ್ಮ, ಮೂಳೆಗಳನ್ನು ಬೇಯಿಸಿ ತೆಗೆಯುತ್ತಾರೆ. ಹೆಸರು ವಜ್ರ; ಒಣಗಿದ ಕುರ್ಚಿಯಲ್ಲಿ ಅದು ವಜ್ರವೇ ಹೌದು. ಬಿಸಿನೀರಿನಲ್ಲಿ ಕರಗುವುದು ಅದರ ಗುಣವಾದುದರಿಂದ ತೇವದಲ್ಲಿ ಮತ್ತೆ ಮೆತ್ತಗಾಗುತ್ತದೆ. ಇಂದಿನ ಸಾಮಾನ್ಯ ಬಿಳಿಯ ಮರದಂಟೂ ಮನೆಯೊಳಗಿನ ಸಾಮಾನಿಗೆ ಯೋಗ್ಯ, ದೋಣಿಗಲ್ಲ. ಅರಗನ್ನು ನೋಡಿ: ಮೈಸೂರಿನಲ್ಲಿ 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭವಾದ ಸಂಸ್ಥೆಯೇ ಮುಂದೆ ಚುನಾವಣೆಯ ಅಳಿಸದ ಶಾಯಿಗೆ ಹೆಸರಾಯಿತು. ಅರಗು ಲಕೋಟೆಗೆ ಮುದ್ರೆಯೊತ್ತಲು ಶ್ರೇಷ್ಠ, ಮರಕ್ಕೆ ಹೊಳಪು ಕೊಡಲು ಶ್ರೇಷ್ಠ. ನೀರಿನಲ್ಲಿ ಬಹುಕಾಲ ನೆನೆದರೆ ಆ ಹೊಳಪು ಬೆಳ್ಳಗಾಗುತ್ತದೆ. ಎರಡನೆಯ ಮಹಾಯುದ್ಧದ ‘ಮಸ್ಕಿಟೊ’ ಎಂಬ ಮರದ ವಿಮಾನಕ್ಕೆ ಮೊದಲು ಹಾಲಿನಿಂದ ತೆಗೆದ ಕೇಸೀನ್ ಅಂಟನ್ನು ಬಳಸಿ, ಅನಂತರ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟಿಗೆ ಬದಲಾಯಿಸಿದರು. ಬಿಸಿಯೂ ತೇವವೂ ಕೂಡಿದ ಹವೆಗೆ ಕೇಸೀನು ತಾಳುವಂಥದಲ್ಲ.

ಈ ಬಗೆಯ ಅಂಟುಗಳು ಸೋಲುವುದೇಕೆ? ಇವುಗಳಲ್ಲಿ ಉದ್ದನೆಯ ಅಣುಗಳು ಒಂದರ ಪಕ್ಕದಲ್ಲೊಂದು ಹೆಣೆದುಕೊಂಡಿರುತ್ತವೆಯೇ ಹೊರತು ಒಂದಕ್ಕೊಂದು ಗಂಟು ಹಾಕಿಕೊಂಡಿರುವುದಿಲ್ಲ. ನೀರಿನ ಸಣ್ಣ ಅಣುಗಳು ನಡುವೆ ತೂರಿ ಅವುಗಳನ್ನು ಸಡಿಲಿಸುತ್ತವೆ. ಫೀನಾಲ್-ಫಾರ್ಮಾಲ್ಡಿಹೈಡ್, ಎಪಾಕ್ಸಿ ಮುಂತಾದವು ಗಟ್ಟಿಯಾಗುವಾಗ ಅಣುಗಳ ನಡುವೆ ರಾಸಾಯನಿಕ ಗಂಟುಗಳು ಬಿದ್ದು ಇಡೀ ಪದರ ಒಂದು ಬಲೆಯಾಗುತ್ತದೆ. ಅದು ಮತ್ತೆ ಕರಗದು. ದೋಣಿಗಳಿಗೆ ಬಳಸುವ ಪ್ಲೈವುಡ್ಡಿಗೆ ಭಾರತೀಯ ಮಾನಕ ಐಎಸ್ 710 ಉಂಟು. ಅದರ ಅಂಟನ್ನು ಪರೀಕ್ಷಿಸಲು ತುಂಡುಗಳನ್ನು 72 ಗಂಟೆಗಳ ಕಾಲ ಕುದಿಯುವ ನೀರಿನಲ್ಲಿ ಇಡುತ್ತಾರೆ. ಬಕೆಟ್ಟಿನಲ್ಲಿ ಒಂದು ರಾತ್ರಿ ನೆನೆಸಿದ ನಮ್ಮ ಪರೀಕ್ಷೆ ಇದರ ಮುಂದೆ ಎಷ್ಟರದು?

ಆದರೆ ನೀರು ಯಾವಾಗಲೂ ಶತ್ರುವೆಂದು ಭಾವಿಸಬೇಕಾಗಿಲ್ಲ. 1911ರಲ್ಲಿ ಕಟ್ಟಲಾರಂಭಿಸಿದ ಕೃಷ್ಣರಾಜಸಾಗರದ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆ. ಸುಟ್ಟ ಇಟ್ಟಿಗೆಯ ಪುಡಿಯೂ ಸುಣ್ಣವೂ ನೀರಿನ ಸಹಾಯದಿಂದಲೇ ಕೂಡಿ, ತೇವದೊಳಗೇ ಗಟ್ಟಿಯಾಗುವ ಗಾರೆ ಅದು. ಸಿಲಿಕೋನ್, ಪಾಲಿಯುರಿಥೇನ್ ಮೊದಲಾದ ಕೊಳವೆಯ ಸಂದುಮುಚ್ಚುಗಗಳಲ್ಲಿ ಅನೇಕವು ಗಾಳಿಯ ತೇವವನ್ನು ಹೀರಿಯೇ ಗಟ್ಟಿಯಾಗುತ್ತವೆ. ಕೆಲವು ಸಿಲಿಕೋನ್‌ಗಳಿಂದ ಆಗ ವಿನಿಗರಿನ ವಾಸನೆ ಹೊರಡುವುದು. ಮಂಗಳೂರಿನ ಗೇರುಬೀಜದ ಕಾರ್ಖಾನೆಗಳಲ್ಲಿ ಬೀಜದ ಸಿಪ್ಪೆಯಿಂದ ಬರುವ ಎಣ್ಣೆಯದು ಇನ್ನೂ ಕುತೂಹಲದ ಕಥೆ. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳಿಸುವ ಈ ಎಣ್ಣೆಯನ್ನು ಕರಾವಳಿಯವರು ದೋಣಿಯ ಮರ ಕೆಡದಂತೆ ಬಳಿಯುತ್ತ ಬಂದಿದ್ದಾರೆ. ಇದರಿಂದ ದೊರೆಯುವ ಕಾರ್ಡನಾಲ್ ಎಂಬ ವಸ್ತುವಿನಿಂದ ಈಗ ಎಪಾಕ್ಸಿಯನ್ನು ಗಟ್ಟಿಗೊಳಿಸುವ ಫಿನಾಲ್ಕಮೈನ್‌ಗಳನ್ನು ತಯಾರಿಸುತ್ತಾರೆ. ಅವು ತೇವದ ಮೈಯ ಮೇಲೂ ಕೆಲಸ ಮಾಡುವುದರಿಂದ ಹಡಗಿನ ಬಣ್ಣಗಳಲ್ಲಿ ಉಪಯೋಗವಾಗುತ್ತಿವೆ. ಅಂಬಿಗನ ಎಣ್ಣೆಗೂ ರಸಾಯನಶಾಲೆಗೂ ನಡುವೆ ನಾವು ಎಣಿಸುವಷ್ಟು ದೂರವಿಲ್ಲ.

ಹಾಗಾದರೆ ಆರಿಸುವುದು ಹೇಗೆ? ಹಲಗೆ ಅಥವಾ ಪ್ಲೈವುಡ್ಡಿನ ದೋಣಿಯಲ್ಲಿ ಅಲುಗಾಡಬಾರದ ಮುರಿದ ಭಾಗಕ್ಕೆ ಎಪಾಕ್ಸಿ ಸರಿ. ಮರ ಪೂರ್ಣ ಒಣಗಿರಬೇಕು, ಮರಳು ಕಾಗದದಿಂದ ಉಜ್ಜಿರಬೇಕು, ಎರಡು ಭಾಗಗಳನ್ನು ಹೇಳಿದ ಪ್ರಮಾಣದಲ್ಲಿಯೇ ಬೆರೆಸಬೇಕು. ಗಟ್ಟಿಕಾರಕವನ್ನು ಹೆಚ್ಚು ಹಾಕಿದರೆ ಬೇಗ ಗಟ್ಟಿಯಾದೀತೆಂಬುದು ಭ್ರಮೆ. ಜೊತೆ ಸಿಗದ ಅಣುಗಳು ಉಳಿದು ಪದರ ದುರ್ಬಲವಾಗುತ್ತದೆ. ಗಾಜುನಾರಿನ ದೋಣಿಗೆ ಗಾಜುಬಟ್ಟೆಯೂ ರಾಳವೂ ಸೇರಿದ ತೇಪೆ ಬೇಕು. ತೂತಿನ ಅಂಚನ್ನು ಕಡಿದಾಗಿ ಬಿಡದೆ ದೂರದವರೆಗೆ ಇಳಿಜಾರಾಗಿ ಉಜ್ಜಿದರೆ ಹಿಡಿತ ಹೆಚ್ಚು. ಹಲಗೆಗಳ ನಡುವಿನ ಉಸಿರಾಡುವ ಸಂದಿಗೆ ಪಾಲಿಯುರಿಥೇನಿನಂಥ ರಬ್ಬರು ಜಾತಿಯ ಮುಚ್ಚುಗ ತಕ್ಕುದು. ಸಿಲಿಕೋನನ್ನು ನಾವು ತೇಪೆಗೆ ಸೂಚಿಸೆವು. ಒಮ್ಮೆ ಅದನ್ನು ಬಳಿದ ಮೈಗೆ ಮುಂದೆ ಬಣ್ಣವಾಗಲಿ ಬೇರೆ ಅಂಟಾಗಲಿ ಹತ್ತುವುದು ಕಷ್ಟ. ಕ್ಷಣದಲ್ಲಿ ಹಿಡಿಯುವ ಹನಿಯಂಟು ಬಾಗುವಿಕೆಗೂ ತಾಳದು, ಬಹುಕಾಲದ ನೀರಿಗೂ ತಾಳದು. ಹರಿಗೋಲಿಗಾದರೆ ಹೊಲಿಗೆಯೂ ಟಾರೂ ಇಂದಿಗೂ ಉಚಿತವಾದ ಜೋಡಿ.

ಹಳೆಯದೆಲ್ಲವೂ ಒಳ್ಳೆಯದೆಂದು ನಾವು ಹೇಳುತ್ತಿರುವೆವೆಂದು ಯಾರೂ ತಿಳಿಯಬಾರದು. ಟಾರು ಬಿಸಿಲಿಗೆ ಮೆತ್ತಗಾಗುತ್ತದೆ, ಹಳತಾದಂತೆ ಬಿರಿಯುತ್ತದೆ. ಕಾಯಿಸುವಾಗ ಮೈ ಸುಟ್ಟುಕೊಳ್ಳುವ ಅಪಾಯವುಂಟು. ಕಲ್ಲಿದ್ದಲಿನಿಂದ ಬರುವ ಟಾರಿನಲ್ಲಿ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳಿವೆ. ಅದರ ಹೊಗೆ ಅಂಬಿಗನಿಗೂ ಒಳ್ಳೆಯದಲ್ಲ, ಅದರ ಚೂರು ಹೊಳೆಗೂ ಒಳ್ಳೆಯದಲ್ಲ. ಇದಕ್ಕಿಂತ ಉತ್ತಮವಾದ, ಬಾಗುವ, ಪ್ಲಾಸ್ಟಿಕ್ ನೇಯ್ಗೆಯನ್ನು ಹಿಡಿಯುವ, ಅಂಬಿಗನ ಕೈಗೆಟುಕುವ ಬೆಲೆಯ ಮುಚ್ಚುಗವೊಂದನ್ನು ಕಂಡುಹಿಡಿಯುವುದು ನಮ್ಮ ರಸಾಯನ ವಿದ್ಯಾರ್ಥಿಗಳಿಗೆ ತಕ್ಕ ಕೆಲಸ. ಆದರೆ ಆ ಕೆಲಸ ಆರಂಭವಾಗಬೇಕಾದುದು ಹರಿಗೋಲನ್ನು ಕಟ್ಟುವವನ ಜಗಲಿಯಿಂದ.

‘ಜಲನಿರೋಧಕ’ ಎಂಬ ಮಾತಿನ ಬಗ್ಗೆಯೂ ನಮ್ಮದೊಂದು ಆಕ್ಷೇಪಣೆಯುಂಟು. ಮಳೆಹನಿ ಬಿದ್ದು ಒಣಗುವುದು ಒಂದು, ವಾರಗಟ್ಟಲೆ ಮುಳುಗಿರುವುದು ಬೇರೊಂದು. ಯೂರೋಪಿನ ಮಾನಕದಲ್ಲಿ ಮರದ ಅಂಟುಗಳನ್ನು ನೀರು ತಾಳುವ ಶಕ್ತಿಗೆ ಅನುಸಾರವಾಗಿ ಡಿ1ರಿಂದ ಡಿ4ರವರೆಗೆ ನಾಲ್ಕು ದರ್ಜೆಗಳಾಗಿ ವಿಂಗಡಿಸಿದ್ದಾರೆ. ಅತ್ಯುಚ್ಚವಾದ ಡಿ4 ಕೂಡ ಸದಾ ನೀರಿನಲ್ಲಿ ಮುಳುಗಿರಲೆಂದು ಹೇಳಿದುದಲ್ಲ. ಹೀಗಿರುವಾಗ ಡಬ್ಬಿಯ ಮೇಲೆ ಒಂದೇ ಪದ ಅಚ್ಚಾದರೆ ಸಾಲದು. ಯಾವ ಮೈಗೆ ಹಿಡಿಯುತ್ತದೆ, ಯಾವುದಕ್ಕೆ ಹಿಡಿಯದು, ಗಟ್ಟಿಯಾದ ಮೇಲೆ ಬಾಗುತ್ತದೆಯೆ, ಎಷ್ಟು ಹೊತ್ತು ನೀರಿನಲ್ಲಿ ಇರಬಲ್ಲುದು, ಎಷ್ಟು ದಿನ ಒಣಗಬೇಕು, ಈ ಐದು ಸಂಗತಿಗಳು ಕನ್ನಡದಲ್ಲಿ ಅಚ್ಚಾಗಬೇಕು. ಕೊಳ್ಳುವವರು ಕೇಳಲಾರಂಭಿಸಿದರೆ ಮಾರುವವರು ತಿಳಿಸಲೇಬೇಕಾಗುತ್ತದೆ.

ವಾಚಕರು ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಇಂತಿದೆ. ದುರಸ್ತಿ ಮಾಡಬೇಕಾದ ವಸ್ತುವಿನದೇ ತುಂಡುಗಳನ್ನು ತೆಗೆದುಕೊಳ್ಳಿ, ಬೇರೆಯದು ಬೇಡ. ಒಂದೇ ಅಂಟಿನಿಂದ ಮೂರು ಜೋಡಿಗಳನ್ನು ಅಂಟಿಸಿ, ಡಬ್ಬಿಯಲ್ಲಿ ಹೇಳಿದಷ್ಟು ಕಾಲ ಒಣಗಿಸಿ. ಮೊದಲನೆಯದನ್ನು ಒಣಗಿದಂತೆಯೇ ಇಡಿ. ಎರಡನೆಯದನ್ನು ಏಳು ದಿನ ನೀರಿನಲ್ಲಿ ಮುಳುಗಿಸಿಡಿ. ಮೂರನೆಯದನ್ನು ಏಳು ದಿನವೂ ರಾತ್ರಿ ನೀರಿನಲ್ಲಿಯೂ ಹಗಲು ಬಿಸಿಲಿನಲ್ಲಿಯೂ ಇಡಿ. ಎಂಟನೆಯ ದಿನ ಮೂರನ್ನೂ ಮೊದಲು ಬಾಗಿಸಿ, ಅನಂತರ ಎಳೆದು, ಎಲ್ಲಿ ಬಿಟ್ಟಿತೆಂಬುದನ್ನು ಬರೆದಿಡಿ. ಮೂರನೆಯ ಜೋಡಿ ಗೆದ್ದರೆ ಆ ಅಂಟನ್ನು ಗೌರವಿಸಬಹುದು. ಆದರೂ ದುರಸ್ತಿಯಾದ ದೋಣಿಯನ್ನು ಜನ ಹತ್ತುವ ಮೊದಲು, ಬಲ್ಲ ಅಂಬಿಗನ ಎದುರಿನಲ್ಲಿ, ದಡದ ಬಳಿ, ಮರಳಿನ ಚೀಲ ಹೇರಿ ನೋಡಬೇಕು. ಅಂಟು ಎಷ್ಟೇ ಉತ್ತಮವಾಗಿರಲಿ, ತೇಲುವ ಜಾಕೆಟ್ಟಿಗೆ ಅದು ಬದಲಲ್ಲ.

ಹರಿಗೋಲು ಈಗ ಮತ್ತೆ ಹೊಳೆಯಲ್ಲಿದೆ. ಮಾವ ಹಾಕಿದ ತೇಪೆಯಲ್ಲಿ ಈವರೆಗೆ ನೀರು ಒಸರಿಲ್ಲ. ಹುಡುಗನ ತಂಗಿಗೆ ಒಂದು ಕಿತ್ತಳೆ ಬಣ್ಣದ ಜಾಕೆಟ್ಟನ್ನು ನಾವೇ ಕೊಂಡುಕೊಟ್ಟೆವು; ತಪ್ಪು ಸಲಹೆ ಕೊಟ್ಟವರು ಅಷ್ಟಾದರೂ ಮಾಡಬೇಕಲ್ಲವೆ? ಕಳಚಿಬಂದ ಆ ಎಪಾಕ್ಸಿಯ ಬಿಲ್ಲೆ ನಮ್ಮ ಮೇಜಿನ ಮೇಲಿದೆ. ಯಾರಾದರೂ ಬಂದು ‘ಎಲ್ಲಕ್ಕಿಂತ ಗಟ್ಟಿ ಅಂಟು ಯಾವುದು?’ ಎಂದು ಕೇಳಿದರೆ ಅದನ್ನು ಅವರ ಕೈಗಿತ್ತು, ‘ಯಾವುದಕ್ಕೆ?’ ಎಂದು ಕೇಳುತ್ತೇವೆ.